ಸಕ್ಕರೆ ಕಾಯಿಲೆ ಇದ್ದವರು ಕೊಟ್ಟಿಗೆಯಲ್ಲಿ ಬರಿಗಾಲಲ್ಲಿ ಓಡಾಡಬೇಡಿ

ಹಾಲು ಉತ್ಪಾದಕ ಸಹೋದರಿಯರೇ,

ಹಸು ಕುಂಟಿದರೆ ಕೂಡಲೇ ಗೊರಸು ಎತ್ತಿ ನೋಡುತ್ತೀರಿ. ಸಕ್ಕರೆ ಕಾಯಿಲೆ ಇರುವವರು ತಮ್ಮ ಪಾದವನ್ನು ದಿನವೂ ಹಾಗೆ ನೋಡಿಕೊಳ್ಳಬೇಕು. ನೋವು ಬರಲೆಂದು ಕಾಯಬಾರದು. ರಕ್ತದಲ್ಲಿ ಸಕ್ಕರೆ ಬಹುಕಾಲ ಹೆಚ್ಚಿದ್ದರೆ ಪಾದದ ನರಗಳು ಹಾಳಾಗುತ್ತವೆ. ಆಗ ಮುಳ್ಳು ಚುಚ್ಚಿದರೂ ತಿಳಿಯದೆ ಹೋಗಬಹುದು. ಗಾಯವೂ ಬೇಗ ಮಾಯುವುದಿಲ್ಲ. ಸಗಣಿ, ಗಂಜಲದ ತೇವದಲ್ಲಿ ಅದು ಕೀವಾದರೆ ಬೆರಳನ್ನೋ ಕಾಲನ್ನೋ ತೆಗೆಯಬೇಕಾಗಬಹುದು.

ಹೀಗೆ ಮಾಡಿ:

• ಕೊಟ್ಟಿಗೆ ಕೆಲಸಕ್ಕೆ ಗಮ್‌ಬೂಟು ಹಾಕಿಕೊಳ್ಳಿ. ಮೊದಲು ಕೊಡವಿ, ಒಳಗೆ ಕಲ್ಲು, ಮುಳ್ಳು ಇಲ್ಲವೆಂದು ನೋಡಿ.

• ಸಂಜೆ ಡೇರಿಗೆ ಹಾಲು ಹಾಕಿ ಬಂದ ಮೇಲೆ ಪಾದ ತೊಳೆದು, ಬೆರಳ ಸಂದಿ ಒರೆಸಿ. ಅಂಗಾಲು ಕಾಣದಿದ್ದರೆ ಮನೆಯವರಿಗೆ ತೋರಿಸಿ.

• ಗಾಯಕ್ಕೆ ಸುಣ್ಣವಾಗಲಿ, ಹಸುವಿಗೆ ತಂದ ಮುಲಾಮಾಗಲಿ ಹಚ್ಚಬೇಡಿ. ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ.

• ಸಕ್ಕರೆ ಇಳಿಯಿತೆಂದು ನೀವಾಗಿಯೇ ಮಾತ್ರೆ ಬಿಡಬೇಡಿ. ವರ್ಷಕ್ಕೊಮ್ಮೆಯಾದರೂ ಪಾದ, ಕಣ್ಣು, ಮೂತ್ರಪಿಂಡದ ತಪಾಸಣೆ ಮಾಡಿಸಿ.

ಸಕ್ಕರೆ ಹತೋಟಿಯಲ್ಲಿದ್ದು ಪಾದ ಜೋಪಾನವಾಗಿದ್ದರೆ, ಈ ಕಾಯಿಲೆ ಇದ್ದೂ ಬಹುಕಾಲ ಗಟ್ಟಿಮುಟ್ಟಾಗಿ ಬಾಳಬಹುದು.

– ಪಶುವೈದ್ಯಾಧಿಕಾರಿ