ಸಂಬಳದ ಪಟ್ಟಿಯ ಕಾಲಂಗಳು

ಸಿಂಗಾಪುರದಲ್ಲಿ ಯಾರು ಮನೆಯವರು, ಯಾರು ಬಂದುಹೋಗುವವರು ಎಂದು ಬಾಯಿಬಿಟ್ಟು ಯಾರೂ ಹೇಳುವುದಿಲ್ಲ. ತಿಳಿಯಬೇಕಿದ್ದರೆ ಯಾವುದಾದರೂ ಸಣ್ಣ ಕಂಪನಿಯ ಸಂಬಳದ ಪಟ್ಟಿ ನೋಡಬೇಕು. ಗಂಡನ ನೌಕರಿಯ ಬೆನ್ನು ಹಿಡಿದು ಸಾಗರದಿಂದ ಹೋದ ನಾನು ಕೆಲವು ವರ್ಷ ಆ ಪಟ್ಟಿಯನ್ನೇ ತಯಾರಿಸುತ್ತಿದ್ದೆ. ಉಬಿ ಎಂಬ ಕೈಗಾರಿಕಾ ಪ್ರದೇಶದಲ್ಲಿ, ಕಟ್ಟಡಗಳಿಗೆ ಏಸಿ ಡಕ್ಟ್ ಹಾಕಿಕೊಡುವ ಒಂದು ಗುತ್ತಿಗೆ ಕಂಪನಿಯಲ್ಲಿ.

ಪಟ್ಟಿಯ ಮೇಲಿನ ಸಾಲುಗಳು ಪೌರರು ಮತ್ತು ಪಿಆರ್, ಅಂದರೆ ಕಾಯಂ ವಾಸದ ಹಕ್ಕು ಪಡೆದವರದು. ಅವರ ಸಂಬಳದಿಂದ ಸಾಮಾನ್ಯವಾಗಿ ಶೇ. 20 ಮುರಿದು, ಕಂಪನಿ ತನ್ನ ಕಡೆಯಿಂದ ಶೇ. 17 ಸೇರಿಸಿ ಸಿಪಿಎಫ್ ಎಂಬ ಭವಿಷ್ಯ ನಿಧಿಗೆ ಕಟ್ಟಬೇಕು. ಅದು ಅವರ ಮನೆ, ಆಸ್ಪತ್ರೆ, ಮುಪ್ಪು ಎಲ್ಲಕ್ಕೂ ಆಧಾರ. ಅದರ ಕೆಳಗೆ ಎಂಪ್ಲಾಯ್‌ಮೆಂಟ್ ಪಾಸ್‌ನ ಎಂಜಿನಿಯರುಗಳು. ಅವರಿಗೆ ಸಿಪಿಎಫ್ ಕಾಲಂ ಖಾಲಿ. ಕೊನೆಗೆ ವರ್ಕ್ ಪರ್ಮಿಟ್‌ನ ಹುಡುಗರು: ತಮಿಳುನಾಡು, ಬಾಂಗ್ಲಾದೇಶದವರು. ಅವರ ತಲೆಯ ಮೇಲೆ ಕಂಪನಿ ಸರ್ಕಾರಕ್ಕೆ ತಿಂಗಳು ತಿಂಗಳು ಲೆವಿ ಕಟ್ಟಬೇಕು, ಒಬ್ಬೊಬ್ಬರಿಗೂ 5,000 ಡಾಲರಿನ ಭದ್ರತಾ ಬಾಂಡ್ ಕೊಡಬೇಕು. 2024ರ ಲೆಕ್ಕದಲ್ಲಿ ಆ ದೇಶದ ಜನ ಸುಮಾರು 60 ಲಕ್ಷ. ಅವರಲ್ಲಿ 18 ಲಕ್ಷಕ್ಕೂ ಹೆಚ್ಚು ಮಂದಿ ಪೌರರೂ ಅಲ್ಲ, ಪಿಆರ್‌ಗಳೂ ಅಲ್ಲ. ಅವರಲ್ಲಿ ಹೆಚ್ಚಿನವರು ಯಾವುದೋ ಪಟ್ಟಿಯ ಕೆಳಗಿನ ಸಾಲುಗಳಲ್ಲಿ ಇರುವವರೇ.

ಹೊಸದಾಗಿ ಬಂದ ಎಂಜಿನಿಯರ್ ಹುಡುಗರಿಗೆ ಮೊದಲ ಸಂಬಳ ಕಂಡಾಗ ಖುಷಿಯೋ ಖುಷಿ. ಪಿಎಫ್ ಇಲ್ಲ, ತಿಂಗಳು ತಿಂಗಳು ತೆರಿಗೆ ಮುರಿಯುವುದೂ ಇಲ್ಲ, ಪೂರ್ತಿ ಹಣ ಕೈಗೆ. ತೆರಿಗೆಯ ಬಿಲ್ಲು ಮರುವರ್ಷ ಒಟ್ಟಿಗೆ ಬರುತ್ತದೆ ಎಂದು ನಾನು ಹೇಳಿದರೆ ತಲೆಯಾಡಿಸಿ ಹೋಗಿ ಹೊಸ ಫೋನ್ ಕೊಳ್ಳುತ್ತಿದ್ದರು. ಪಟ್ಟಿಯಲ್ಲಿ ಖಾಲಿ ಬಿಟ್ಟ ಕಾಲಂ ಎಂದರೆ ನಿನ್ನ ಮುಪ್ಪು ನಿನ್ನ ಪಾಡು ಎಂದು ಸರ್ಕಾರ ಮೊದಲೇ ತಿಳಿಸಿದಂತೆ. ನಾವು ಗಂಡ ಹೆಂಡತಿ ಸಂಬಳದ ಐದನೇ ಒಂದು ಭಾಗವನ್ನು ನಮಗೆ ನಾವೇ ಮುರಿದುಕೊಂಡು ಬೇರೆ ಖಾತೆಗೆ ಹಾಕತೊಡಗಿದ್ದು ಆ ಪಟ್ಟಿ ನೋಡಿಯೇ. ಅಲ್ಲಿಗೆ ಹೊರಟವರು ಕೇಳಿದರೆ ಇವತ್ತಿಗೂ ಮೊದಲು ಹೇಳುವುದು ಇದನ್ನೇ.

ಎರಡನೆಯದು ಐಆರ್21. ವಿದೇಶಿ ನೌಕರ ಕೆಲಸ ಬಿಡುತ್ತಾನೆ ಎಂದಾದರೆ ಕಂಪನಿ ಒಂದು ತಿಂಗಳು ಮೊದಲೇ ತೆರಿಗೆ ಇಲಾಖೆಗೆ ಆ ನಮೂನೆ ತುಂಬಿ ಕೊಡಬೇಕು. ಇಲಾಖೆ ಸರಿ ಎನ್ನುವ ತನಕ ಅವನಿಗೆ ಕೊಡಬೇಕಾದ ಹಣವನ್ನೆಲ್ಲ ತಡೆಹಿಡಿಯಬೇಕು. ನಮ್ಮಲ್ಲಿ ಚೆನ್ನೈನ ಒಬ್ಬ ಡಿಸೈನರ್ ಇದ್ದ. ಪ್ರಾಜೆಕ್ಟ್ ಮುಗಿದು ಅವನನ್ನು ಬಿಡಿಸಿದರು. ತಿಂಗಳ ಕೊನೆಗೆ ನನ್ನ ಮೇಜಿನ ಹತ್ತಿರ ಬಂದು, ‘ಅಕ್ಕಾ, ಸಂಬಳ ಬಂದಿಲ್ಲ’ ಎಂದ. ನಮೂನೆಯ ಪ್ರತಿ ತೆಗೆದು ತೋರಿಸಿದೆ. ನಿಂತೇ ಓದಿದ. ಆಮೇಲೆ ಕುರ್ಚಿ ಎಳೆದುಕೊಂಡು ಕೂತು ಮತ್ತೊಮ್ಮೆ ಓದಿದ. ಪಾಸ್ ರದ್ದಾದ ಮೇಲೆ ಅವನಿಗೆ ಉಳಿಯುವುದು ಮೂವತ್ತು ದಿನ. ಅಷ್ಟರಲ್ಲಿ ಹೊಸ ಕೆಲಸ ಹುಡುಕಬೇಕು ಇಲ್ಲವೇ ಗಂಟುಮೂಟೆ ಕಟ್ಟಬೇಕು. ಕೊನೆಯ ಸಂಬಳ ನಮ್ಮ ಹತ್ತಿರ, ಮನೆಯ ಅಡ್ವಾನ್ಸ್ ಮಾಲೀಕನ ಹತ್ತಿರ, ಕೈಯಲ್ಲಿ ಇರುವುದು ಫೋನು. ನಿಯಮದಲ್ಲಿ ಮೋಸವೇನೂ ಇಲ್ಲ. ಲೆಕ್ಕ ಮುಗಿದ ಮೇಲೆ ಪೈಸೆ ಪೈಸೆ ಬಂತು. ಆದರೆ ಮೂರು ತಿಂಗಳ ಖರ್ಚು ಯಾರ ಕೈಗೂ ಸಿಗದ ಹಾಗೆ ಇಟ್ಟುಕೊಳ್ಳದ ವಿದೇಶಿಗೆ ಆ ಮೂವತ್ತು ದಿನ ಬಹಳ ಚಿಕ್ಕದು.

ಬಾಡಿಗೆ ಮನೆಯ ಕರಾರನ್ನೂ ಅದೇ ಕಣ್ಣಿನಿಂದ ಓದಬೇಕು. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕಂಡವರಿಗೆ ಅಲ್ಲಿಯ ಒಂದೆರಡು ತಿಂಗಳಿನದು ಲೆಕ್ಕಕ್ಕೇ ಇಲ್ಲ ಅನಿಸುತ್ತದೆ. ತೊಡಕಿರುವುದು ಅವಧಿಯಲ್ಲಿ. ಎರಡು ವರ್ಷಕ್ಕೆ ಸಹಿ ಹಾಕಿ ನಡುವೆ ಬಿಟ್ಟರೆ ಮಾಲೀಕ ಉಳಿದ ಬಾಡಿಗೆಯನ್ನೂ ಕೇಳಬಹುದು. ಕೆಲಸ ಹೋಗಿ ದೇಶ ಬಿಡಬೇಕಾದರೆ ಒಂದು ವರ್ಷದ ನಂತರ ಎರಡು ತಿಂಗಳ ನೋಟಿಸ್ ಕೊಟ್ಟು ಹೊರಡಬಹುದು ಎಂಬ ಒಂದು ಷರತ್ತು ಸಾಮಾನ್ಯವಾಗಿ ಇರುತ್ತದೆ. ಅದನ್ನು ಡಿಪ್ಲೊಮ್ಯಾಟಿಕ್ ಕ್ಲಾಜ್ ಎನ್ನುತ್ತಾರೆ. ರಾಯಭಾರಿಗಳಿಗೆ ಮಾತ್ರ ಇರಬೇಕು ಎಂದುಕೊಂಡು ಬಿಟ್ಟವರನ್ನು ನಾನು ಬಲ್ಲೆ. ಇನ್ನು ಮೂರು ತಿಂಗಳಿಗೊಮ್ಮೆ ಏಸಿ ಸರ್ವಿಸ್ ಮಾಡಿಸಿದ ರಸೀದಿಗಳು. ಇವನ್ನು ಮದುವೆಯ ಫೋಟೋಗಳಿಗಿಂತ ಜೋಪಾನವಾಗಿ ಇಡಬೇಕು, ಮನೆ ಬಿಡುವ ದಿನ ಏಜೆಂಟ್ ಮೊದಲು ಕೇಳುವುದು ಅವನ್ನೇ.

ಇದಕ್ಕೂ ಮೊದಲು ಮನೆ ಸಿಗಬೇಕಲ್ಲ. ಏಜೆಂಟಿಗೆ ಫೋನ್ ಮಾಡಿದರೆ ಹೆಸರಿಗಿಂತ ಮೊದಲು ಬರುವ ಪ್ರಶ್ನೆ, ‘ಯಾವ ದೇಶ?’ ಆಮೇಲೆ, ‘ಅಡುಗೆ ಹೆವಿಯಾ, ಲೈಟಾ?’ ಹೆವಿ ಎಂದರೆ ಒಗ್ಗರಣೆ. ಭಾರತೀಯರಿಗೆ ಕೊಡುವುದಿಲ್ಲ ಎಂದು ಜಾಹೀರಾತಿನಲ್ಲೇ ಬರೆದದ್ದನ್ನೂ ನೋಡಿದ್ದೇನೆ. ನನಗೆ ಸಿಟ್ಟು ಬಂದದ್ದು ನಿಜ. ಆದರೆ ಬಸವನಗುಡಿಯಲ್ಲಿ ‘ವೆಜಿಟೇರಿಯನ್ಸ್ ಓನ್ಲಿ’ ಬೋರ್ಡಿನ ಕೆಳಗೆ ನಿಂತು ಬಾಡಿಗೆಗೆ ಮನೆ ಕೇಳುವಾಗ ಆ ಸಿಟ್ಟು ನನಗೆ ಬಂದಿರಲಿಲ್ಲ. ಕೊನೆಗೆ ಬೆಡಾಕ್ ಜಲಾಶಯದ ಹತ್ತಿರ ಮನೆ ಕೊಟ್ಟ ಚೀನೀ ಅಜ್ಜಿಯದು ಒಂದೇ ಷರತ್ತು: ಹಬೆ ಹೀರುವ ಚಿಮಣಿಯ ಜಾಲರಿ ತೊಳೆಯುತ್ತಿರಬೇಕು. ಅವಳು ಬಂದಾಗೆಲ್ಲ ಮೊದಲು ಅದರ ಮೇಲೆ ಬೆರಳಾಡಿಸಿ ನೋಡಿ, ಆಮೇಲೆ ಚೀಲದಿಂದ ಕಿತ್ತಳೆ ಹಣ್ಣು ತೆಗೆಯುತ್ತಿದ್ದಳು.

ಅದು ಎಚ್‌ಡಿಬಿ, ಅಂದರೆ ಸರ್ಕಾರ ಕಟ್ಟಿಸಿದ ಫ್ಲ್ಯಾಟು. ಆ ದೇಶದ ಹೆಚ್ಚಿನ ಜನ ಇರುವುದು ಇಂಥ ಮನೆಗಳಲ್ಲೇ. ಒಂದೇ ಜನಾಂಗದವರು ಒಂದೇ ಕಡೆ ಗುಂಪುಗೂಡದಿರಲಿ ಎಂದು 1989ರಿಂದ ಪ್ರತಿ ಬ್ಲಾಕಿನಲ್ಲೂ ಚೀನೀ, ಮಲಯ, ಭಾರತೀಯ ಕುಟುಂಬಗಳಿಗೆ ಮಿತಿ ಗೊತ್ತುಮಾಡಿದ್ದಾರೆ. ಹೀಗೆ ಲೆಕ್ಕ ಹಾಕಿ ಬೆರೆಸಿದ ನೆರೆಹೊರೆ ಎಂಥದ್ದು ಎಂದು ನನಗೂ ಗುಮಾನಿ ಇತ್ತು. ಆ ಕಟ್ಟಡಗಳ ನೆಲ ಅಂತಸ್ತನ್ನು ಗೋಡೆಯಿಲ್ಲದೆ ಬಿಟ್ಟಿರುತ್ತಾರೆ, ವಾಯ್ಡ್ ಡೆಕ್ ಎಂದು ಹೆಸರು. ಒಂದು ವಾರ ಅಲ್ಲಿ ಚೀನೀಯರ ಸಾವಿನ ಚಪ್ಪರ: ಬಿಳಿ ಬಟ್ಟೆ, ಊದುಬತ್ತಿ, ರಾತ್ರಿಯಿಡೀ ಕಡಲೆಬೀಜ ಸುಲಿಯುತ್ತ ಕೂತ ನೆಂಟರು. ಇನ್ನೊಂದು ವಾರ ಅದೇ ಜಾಗದಲ್ಲಿ ಮಲಯರ ಮದುವೆ. ಹರಿವಾಣದ ತುಂಬ ಬಿರಿಯಾನಿ, ಕಿವಿಗಡಚಿಕ್ಕುವ ಕರೋಕೆ. ಮೂರನೇ ಮಹಡಿಯಲ್ಲಿದ್ದ ನಮಗೆ ಎರಡರಿಂದಲೂ ನಿದ್ದೆ ಇಲ್ಲ. ಯಾರೂ ಯಾರ ಮೇಲೂ ದೂರು ಕೊಟ್ಟದ್ದು ಕಾಣೆ. ಲೆಕ್ಕ ಹಾಕಿ ಬೆರೆಸಿದರೂ ಬೆರೆಯುವುದು ಬೆರೆಯುತ್ತದೆ ಎಂಬುದು ಈಗ ನನ್ನ ಅಭಿಪ್ರಾಯ.

ಚೊಕ್ಕಟತನ, ದಂಡ, ಚ್ಯೂಯಿಂಗ್ ಗಮ್ ಬಗ್ಗೆ ಬರೆಯಲು ನನಗೆ ಮನಸ್ಸಿಲ್ಲ. ಐದು ದಿನದ ಪ್ರವಾಸಕ್ಕೆ ಹೋದವರೆಲ್ಲ ಬರೆದಿದ್ದಾರೆ.

ಬರೆಯಬೇಕಾದದ್ದು ಪಟ್ಟಿಯ ಕೊನೆಯ ಸಾಲಿನವರ ಬಗ್ಗೆ. ನಮ್ಮ ಹುಡುಗರು ಬೆಳಿಗ್ಗೆ ಸೈಟಿಗೆ ಹೋಗುತ್ತಿದ್ದುದು ಲಾರಿಯ ಹಿಂಭಾಗದಲ್ಲಿ, ಡಕ್ಟ್ ತಗಡುಗಳ ಪಕ್ಕ ಕೂತು. ಕಾರು ಕೊಳ್ಳುವ ಪರವಾನಗಿಗೇ ಲಕ್ಷ ಡಾಲರ್ ದಾಟುವ ಊರಿನಲ್ಲಿ ಮನುಷ್ಯರನ್ನು ಹೀಗೆ ಸಾಗಿಸಲು ಕಾನೂನಿನ ಒಪ್ಪಿಗೆ ಇದೆ. ಅದನ್ನು ಕಂಡು ಸುಮ್ಮನಿರುವುದು ಅಲ್ಲಿ ಎಲ್ಲರಿಗೂ ರೂಢಿಯಾಗಿದೆ, ನಮ್ಮ ದೇಶದವರಿಗೂ. 2020ರ ಏಪ್ರಿಲ್ 7ರಂದು ಕೋವಿಡ್‌ನಿಂದಾಗಿ ಊರಿಗೆಲ್ಲ ಬೀಗ ಬಿತ್ತು, ಜೂನ್ 1ಕ್ಕೆ ಮುಗಿಯಿತು. ಈ ಹುಡುಗರು ಇರುವ ಡಾರ್ಮಿಟರಿಯ ಬಾಗಿಲು ಮಾತ್ರ ಎಷ್ಟೋ ತಿಂಗಳು ಪೂರ್ತಿ ತೆರೆಯಲಿಲ್ಲ, ಸೋಂಕು ಹೆಚ್ಚು ಹಬ್ಬಿದ್ದೇ ಅಲ್ಲಿ. ಸರ್ಕಾರ ಲೆವಿ ಬಿಟ್ಟುಕೊಟ್ಟು ನೆರವಾಯಿತು, ಚಿಕಿತ್ಸೆಯನ್ನೂ ಕೊಡಿಸಿತು. ಹುಡುಗರ ಚಿಂತೆ ಬೇರೆ ಇತ್ತು. ಪ್ರತಿ ಭಾನುವಾರ ಲಿಟಲ್ ಇಂಡಿಯಾಕ್ಕೆ ಹೋಗಿ, ಸಾಲಿನಲ್ಲಿ ನಿಂತು, ಊರಿಗೆ ಹಣ ಕಳಿಸುತ್ತಿದ್ದವರು ಅವರು. ಈಗ ಸಂಬಳ ಖಾತೆಯಲ್ಲಿದೆ, ಹೊರಗೆ ಹೋಗುವ ಹಾಗಿಲ್ಲ. ಫೋನಿನಲ್ಲಿ ಒಬ್ಬೊಬ್ಬರಿಗೂ ಆ್ಯಪ್ ಹಾಕಿಸಿ, ‘ಕೆಳಗೆ ಹಸಿರು ಬಟನ್ ಬಂತಾ, ಅದನ್ನು ಒತ್ತು’ ಎಂದು ನನ್ನ ಹರಕು ತಮಿಳಿನಲ್ಲಿ ಹೇಳಿಕೊಟ್ಟೆ. ತಂಜಾವೂರು ಕಡೆಯ ಒಬ್ಬ, ಹಣ ಮುಟ್ಟಿತು ಎಂದು ಹೆಂಡತಿ ಹೇಳುವವರೆಗೂ ನನ್ನ ಫೋನ್ ಇಡಲು ಬಿಡಲಿಲ್ಲ. ಇನ್ನೊಂದು ಫೋನಿನಲ್ಲಿ ಅವಳನ್ನು ಹಿಡಿದುಕೊಂಡಿದ್ದ.

ಆ ಪಟ್ಟಿಯಲ್ಲಿ ನನ್ನದೂ ಒಂದು ಸಾಲು ಇತ್ತಲ್ಲ. ನಾನು ಅಲ್ಲಿ ಇದ್ದುದು ಡಿಪೆಂಡೆಂಟ್ ಪಾಸ್‌ನಲ್ಲಿ, ಅಂದರೆ ಗಂಡನ ಆಶ್ರಿತೆಯಾಗಿ. ಕಂಪನಿ ಒಂದು ಒಪ್ಪಿಗೆ ಪತ್ರ ತರಿಸಿಕೊಂಡರೆ ಅಂಥವರೂ ಕೆಲಸ ಮಾಡಬಹುದಿತ್ತು. 2021ರ ಮೇ 1ರಿಂದ ಅದು ನಿಂತಿತು. ದುಡಿಯುವುದಾದರೆ ಸ್ವಂತ ಪಾಸ್ ಬೇಕು ಎಂದಾಯಿತು. ಎಂಪ್ಲಾಯ್‌ಮೆಂಟ್ ಪಾಸ್‌ಗೆ ಆಗ ಕನಿಷ್ಠ 4,500 ಡಾಲರ್ ಸಂಬಳ ಬೇಕು, ನನ್ನದು ಅಷ್ಟಿರಲಿಲ್ಲ. ಅದರ ಕೆಳಗಿನ ಎಸ್ ಪಾಸ್‌ಗೆ ಕಂಪನಿಯ ಒಟ್ಟು ನೌಕರರಲ್ಲಿ ಶೇಕಡಾ ಇಷ್ಟೇ ಎಂಬ ಮಿತಿ ಇದೆ. ನಿರ್ಮಾಣ ಕ್ಷೇತ್ರಕ್ಕೆ ಆ ವರ್ಷದ ಜನವರಿಯಲ್ಲಷ್ಟೇ ಅದನ್ನು 20ರಿಂದ 18ಕ್ಕೆ ಇಳಿಸಿದ್ದರು. ನಮ್ಮಲ್ಲಿ ಜಾಗ ಇದೆಯೇ ಎಂದು ಬಾಸ್ ಕೇಳಿದರು. ಮಿತಿಯ ಲೆಕ್ಕ ಇಡುವುದು ನನ್ನದೇ ಕೆಲಸ. ಲೆಕ್ಕ ಹಾಕಿ, ‘ಇಲ್ಲ’ ಎಂದು ನಾನೇ ಬರೆದುಕೊಟ್ಟೆ. ಹಳೆಯ ಪತ್ರದ ಅವಧಿ ಮುಗಿಯುವ ತನಕ ಕೆಲಸ ಮಾಡಿ, ನನ್ನ ಐಆರ್21ನ್ನೂ ತುಂಬಿ, ಮನೆಗೆ ಬಂದೆ. ನನ್ನ ಗೆಳತಿಯರಲ್ಲಿ ಶಾಲೆಯಲ್ಲಿ ಕಲಿಸುತ್ತಿದ್ದವರು, ಲ್ಯಾಬಿನಲ್ಲಿ ಇದ್ದವರು ಎಲ್ಲ ಒಬ್ಬೊಬ್ಬರಾಗಿ ಹೀಗೆಯೇ ಮನೆ ಸೇರಿದರು. ನಮ್ಮವರ ಕೂಟಗಳಲ್ಲಿ ಈ ವಿಷಯ ಮಾತಿಗೇ ಬರುತ್ತಿರಲಿಲ್ಲ. ಗಂಡನ ಸಂಬಳ ಚೆನ್ನಾಗಿದೆಯಲ್ಲ ಎಂದರೆ ಮುಗಿಯಿತು.

ಪಿಆರ್ ಸಿಕ್ಕರೆ ಯಾವ ಪಾಸೂ ಬೇಡ, ಎಲ್ಲಿ ಬೇಕಾದರೂ ದುಡಿಯಬಹುದು. ಮಕ್ಕಳ ಶಾಲೆಯ ಶುಲ್ಕವೂ ಇಳಿಯುತ್ತದೆ; ವಿದೇಶಿ ಮಕ್ಕಳು ಸರ್ಕಾರಿ ಶಾಲೆಯಲ್ಲಿ ಕೊಡುವುದು ಪಿಆರ್ ಮಕ್ಕಳಿಗಿಂತ ಹಲವು ಪಟ್ಟು. ಆದರೆ ತಂದೆ ತಾಯಿಯ ಜೊತೆ ಪಿಆರ್ ಪಡೆದ ಗಂಡುಮಗ ಹದಿನಾರೂವರೆಗೆ ಹೆಸರು ನೋಂದಾಯಿಸಿ, ಹದಿನೆಂಟರ ಹೊತ್ತಿಗೆ ಎರಡು ವರ್ಷ ಸೈನಿಕ ಸೇವೆ ಮಾಡಬೇಕು. ಅಪ್ಪನಿಗೆ ಮಾಫಿ, ಮಗನಿಗೆ ಇಲ್ಲ. ನಡುವೆ ಪಿಆರ್ ಬಿಟ್ಟು ಹೋದರೆ ಮುಂದೆ ಅಲ್ಲಿ ಓದಲು, ದುಡಿಯಲು ಅರ್ಜಿ ಹಾಕಿದಾಗ ಅದು ಅಡ್ಡ ಬರುತ್ತದೆ ಎಂದು ಸರ್ಕಾರ ಸ್ಪಷ್ಟವಾಗಿ ಹೇಳಿದೆ. ಮಗನ ಹೆಸರು ಬಿಟ್ಟು ಅರ್ಜಿ ಹಾಕುವವರೂ ಉಂಟು. ಇನ್ನೂ ಹೆಚ್ಚಿನವರು ‘ಮುಂದಿನ ವರ್ಷ ನೋಡೋಣ’ ಎನ್ನುತ್ತ ಮಗನನ್ನು ಮೀಸೆ ಬರುವವರೆಗೆ ಬೆಳೆಸುತ್ತಾರೆ. ಆಮೇಲೆ ನಿರ್ಧಾರ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ.

ನನಗೆ ಕೆಲಸ ಬೇಕಿತ್ತು. ಅದಕ್ಕೆ ಮಗನ ಎರಡು ವರ್ಷ ಕೊಡುವುದೇ? ಅವನನ್ನೇ ಕೂರಿಸಿಕೊಂಡು ಕೇಳಿದೆವು. ‘ಕ್ಲಾಸಿನವರೆಲ್ಲ ಹೋಗ್ತಾರೆ, ನಾನೊಬ್ನೇ ಏನ್ ಮಾಡ್ಲಿ?’ ಎಂದ. ಹನ್ನೆರಡು ವರ್ಷದವನ ಮಾತಿಗೆ ಎಷ್ಟು ಬೆಲೆ ಕೊಡಬೇಕು ಎಂಬುದು ಬೇರೆ ಮಾತು. ಕೇಳದೆ ಹೆಸರು ಬರೆಯುವುದು ಮಾತ್ರ ಅನ್ಯಾಯ ಎಂದು ನನಗೆ ಅನಿಸುತ್ತದೆ. ಮೊದಲ ಸಲ ಅರ್ಜಿ ತಿರಸ್ಕೃತವಾಯಿತು, ಕಾರಣ ಹೇಳುವುದಿಲ್ಲ. ಎರಡನೇ ಸಲ ಸಿಕ್ಕಿತು. ಬೇರೊಂದು ಕಡೆ ಕೆಲಸಕ್ಕೆ ಸೇರಿದೆ. ಮೊದಲ ವರ್ಷ ಸಿಪಿಎಫ್ ಶೇ. 5 ಮಾತ್ರ ಮುರಿಯುತ್ತಾರೆ, ಎರಡನೇ ವರ್ಷ 15. ದೇಶಕ್ಕೂ ಒಗ್ಗಿಕೊಳ್ಳಲು ಅವಧಿ ಗೊತ್ತುಮಾಡಿರುವ ಜನ ಅವರು.

ನಮ್ಮ ಮಗ ಶಾಲೆಯಲ್ಲಿ ಮಾತೃಭಾಷೆ ಎಂದು ಕಲಿಯುವುದು ಹಿಂದಿ. ತಮಿಳು ಅಲ್ಲಿಯ ಅಧಿಕೃತ ಭಾಷೆ. ಅದರ ಜೊತೆಗೆ ಹಿಂದಿ, ಬಂಗಾಳಿ, ಪಂಜಾಬಿ, ಗುಜರಾತಿ, ಉರ್ದುವಿಗೂ ಶಾಲೆಯಲ್ಲಿ ಅವಕಾಶ ಉಂಟು. ಕನ್ನಡ ಆ ಪಟ್ಟಿಯಲ್ಲಿ ಇಲ್ಲ. ಅದನ್ನು ಮನೆಯಲ್ಲಿ, ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ, ಮುಖ್ಯವಾಗಿ ಅಜ್ಜನ ಫೋನಿನಲ್ಲಿ ಉಳಿಸಿಕೊಂಡಿದ್ದಾನೆ.

ಆ ಫೋನಿನಲ್ಲಿ ಈಗ ಒಂದೇ ವಾದ. ‘ಪಾಸ್‌ಪೋರ್ಟು ನಮ್ಮದು, ಬಂದೂಕು ಅವರದ್ದು. ಇದೆಂಥ ಲೆಕ್ಕ ಮಾರಾಯ?’ ಎಂದು ಮಾವನವರು ಸಾಗರದಿಂದ ಕೇಳುತ್ತಾರೆ. ಮೊಮ್ಮಗನಿಗೆ ಉತ್ತರ ಇಲ್ಲ, ನಮಗೂ ಇಲ್ಲ. ಸೇರುವ ಮೊದಲೇ ದೈಹಿಕ ಪರೀಕ್ಷೆಯಲ್ಲಿ ಪಾಸಾದವರಿಗೆ ಸೇವೆಯಲ್ಲಿ ಎರಡು ತಿಂಗಳು ಕಡಿಮೆ ಎಂದು ತಿಳಿದಾಗಿನಿಂದ ಹುಡುಗ ಪಕ್ಕದ ಬ್ಲಾಕಿನ ಮಲಯ ಗೆಳೆಯನ ಜೊತೆ ದಿನಾ ಸಂಜೆ ಜಲಾಶಯದ ಸುತ್ತ ಓಡುತ್ತಿದ್ದಾನೆ. ಇದನ್ನು ಹೇಳಿದ್ದಕ್ಕೆ ಮಾವನವರು, ‘ಎರಡು ತಿಂಗಳು ಅಂದ್ರೆ ಕಡಿಮೆಯಾ? ಓಡಲಿ. ಬೆಳಿಗ್ಗೆ ರಾಗಿ ಗಂಜಿ ಕೊಡು’ ಎಂದರು.