ನನ್ನಂಥವರು ಇನ್ನೂ ಇದ್ದಾರಾ?

ಪ್ರಶ್ನೆ: ಯಜಮಾನರು ಹೋಗಿ ಎಂಟು ತಿಂಗಳಾಯಿತು. ನಾಲ್ಕು ಎಕರೆ ಹೊಲ, ಮೆಕ್ಕೆಜೋಳ ಹಾಕಿದ್ದರು. ಸಾಲ ಎಷ್ಟಿತ್ತು ಅಂತ ನನಗೆ ಗೊತ್ತಾಗಿದ್ದೇ ಅವರು ಆತ್ಮಹತ್ಯೆ ಮಾಡಿಕೊಂಡ ಮೇಲೆ. ಆವತ್ತು ಬೆಳಿಗ್ಗೆ ದುಡ್ಡಿನ ವಿಷಯಕ್ಕೆ ನಮ್ಮಿಬ್ಬರಿಗೂ ಮಾತಿಗೆ ಮಾತು ಬೆಳೆದಿತ್ತು. ಅತ್ತೆ ಈಗಲೂ ‘ನನ್ನ ಮಗನನ್ನು ನುಂಗಿದಳು’ ಅಂತಾರೆ. ಊರವರು ಮದುವೆ, ಸೀಮಂತಕ್ಕೆ ಕರೆಯುವುದು ಬಿಟ್ಟಿದ್ದಾರೆ. ಒಂಬತ್ತು ವರ್ಷದ ಮಗನಿಗೆ ಎದೆನೋವು ಬಂದು ಅಪ್ಪ ಹೋದ ಅಂತ ಹೇಳಿದ್ದೆ. ಶಾಲೆಯಲ್ಲಿ ಯಾರೋ ಹುಡುಗ ನಿಜ ಹೇಳಿದ್ದಾನೆ. ಆವತ್ತಿನಿಂದ ಇವನು ನನ್ನ ಹತ್ತಿರ ಸರಿಯಾಗಿ ಮಾತಾಡುತ್ತಿಲ್ಲ. ನನ್ನಂಥವರು ಇನ್ನೂ ಇದ್ದಾರಾ? ಅವರೆಲ್ಲ ಹೇಗೆ ಬದುಕಿದರು? ರಾತ್ರಿ ನಿದ್ದೆ ಬರುವುದಿಲ್ಲ. ಮಗ ಇರದಿದ್ದರೆ ನಾನೂ ಅವರ ಹಿಂದೆಯೇ ಹೋಗಿಬಿಡುತ್ತಿದ್ದೆ ಅನ್ನಿಸುತ್ತದೆ.
(ಹೆಸರು ಬೇಡ, ಹಾವೇರಿ ಜಿಲ್ಲೆ)

ಉತ್ತರ: ತಂಗಿ, ನಿಮ್ಮ ಪತ್ರದ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ, ಉಳಿದದ್ದೆಲ್ಲ ಆಮೇಲೆ. ನೇರವಾಗಿ ಕೇಳುತ್ತೇನೆ: ಸಾಯಬೇಕು ಅನ್ನುವ ಯೋಚನೆ ಬರುತ್ತಿದೆಯೇ? ಈಚೆಗೆ ಹೆಚ್ಚಾಗಿದೆಯೇ? ಹೀಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತೆ ಎಂದು ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ಬಾಯಿಬಿಟ್ಟು ಕೇಳುವವರು ಸಿಕ್ಕರೆ ಹೇಳಿಕೊಳ್ಳಲು ದಾರಿಯಾಗುತ್ತದೆ. ಹೌದು ಎಂದಾದರೆ ಮುಂದಕ್ಕೆ ಓದುವುದನ್ನು ನಿಲ್ಲಿಸಿ 14416ಕ್ಕೆ ಫೋನ್ ಮಾಡಿ. ಇದು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ. ದುಡ್ಡಿಲ್ಲದೆ, ಹಗಲು ರಾತ್ರಿ ಯಾವಾಗ ಬೇಕಾದರೂ, ಕನ್ನಡದಲ್ಲೇ ಮಾತಾಡಬಹುದು. ತಡೆಯಲಾಗದು ಅನ್ನಿಸುವ ಗಳಿಗೆಯಲ್ಲಿ 112. ಇವತ್ತೇ ಒಬ್ಬರಿಗೆ, ಅಕ್ಕನಿಗೋ ಪಕ್ಕದ ಮನೆಯವರಿಗೋ, ‘ರಾತ್ರಿ ನನಗೆ ಹೀಗಾಗುತ್ತದೆ, ಸ್ವಲ್ಪ ದಿನ ಜೊತೆಗೆ ಮಲಗು’ ಎಂದು ಹೇಳಿ. ಹೊಲಕ್ಕೆ ಹೊಡೆಯುವ ಔಷಧಿ ಮನೆಯಲ್ಲಿದ್ದರೆ ಅದನ್ನು ಬೇರೆಯವರ ಕೈಗೆ ಕೊಟ್ಟು ಹೊರಗೆ ಸಾಗಿಸಿ.

ಈ ಕೊನೆಯ ಮಾತು ನಿಮಗೊಬ್ಬರಿಗೇ ಹೇಳಿದ್ದಲ್ಲ, ನಿಮ್ಮ ಇಡೀ ಊರಿಗೆ. ತಮಿಳುನಾಡಿನ ಕಾಟ್ಟುಮನ್ನಾರ್‌ಕೋಯಿಲ್ ಕಡೆಯ ಎರಡು ಹಳ್ಳಿಗಳಲ್ಲಿ ರೈತರ ಕೀಟನಾಶಕವನ್ನೆಲ್ಲ ಊರಿನದೇ ಒಂದು ಕಟ್ಟಡದಲ್ಲಿ, ಪ್ರತಿಯೊಬ್ಬರಿಗೂ ಬೀಗದ ಪೆಟ್ಟಿಗೆ ಕೊಟ್ಟು, ಇಡಿಸಿದರು. ಚೆನ್ನೈನ ಮನೋವೈದ್ಯೆ ಡಾ. ಲಕ್ಷ್ಮಿ ವಿಜಯಕುಮಾರ್ ಮತ್ತು ಜೊತೆಗಾರರ ಕೆಲಸ ಅದು. ಸಾಯಬೇಕೆಂಬ ಆವೇಗ ಎಷ್ಟೋ ಸಲ ಸ್ವಲ್ಪ ಹೊತ್ತಿನದು. ಆ ಹೊತ್ತು ಕಳೆಯುವ ತನಕ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ. ಅಲ್ಲಿ ಸಾವುಗಳು ಇಳಿದವು. ನಮ್ಮ ಗ್ರಾಮ ಪಂಚಾಯಿತಿಗಳೂ ಇದನ್ನು ಮಾಡಬೇಕು, ಮಾಡಬಹುದು.

ಈಗ ಆವತ್ತು ಬೆಳಗಿನ ಜಗಳದ ವಿಷಯ. ದುಡ್ಡಿಗಾಗಿ ಗಂಡ ಹೆಂಡತಿ ಜಗಳವಾಡದ ಮನೆ ಹಾವೇರಿಯಲ್ಲಿ ಎಷ್ಟಿದ್ದೀತು? ಒಂದು ಜಗಳದಿಂದ ಯಾರೂ ಸಾಯುವುದಿಲ್ಲ. ನಿಮಗೂ ಹೇಳದೆ ಬಚ್ಚಿಟ್ಟ ಸಾಲ, ಆ ಸಾಲದ ನಾಚಿಕೆ, ತಿಂಗಳುಗಟ್ಟಲೆ ಒಬ್ಬರೇ ಹೊತ್ತ ಭಾರ, ಮನಸ್ಸಿಗೆ ಬಂದಿದ್ದರೂ ಯಾರೂ ಗುರುತಿಸದ ಕಾಯಿಲೆ, ಇಂಥವು ಎಷ್ಟೋ ಕಾಲದಿಂದ ಒಂದರ ಮೇಲೊಂದು ಸೇರಿಕೊಂಡಿರುತ್ತವೆ. ನಿಮ್ಮ ಕಣ್ಣಿಗೆ ಬಿದ್ದದ್ದು ಆ ಒಂದು ಬೆಳಗು ಮಾತ್ರ. ‘ಯಾಕೆ’ ಎಂಬ ಪ್ರಶ್ನೆಗೆ ಪೂರ್ತಿ ಉತ್ತರ ಅವರ ಜೊತೆಗೇ ಹೋಯಿತು. ಅತ್ತೆಯ ಬಾಯಲ್ಲಿ ಬರುವುದೂ ಆ ಪ್ರಶ್ನೆಯೇ. ಮಗನನ್ನು ಕಳೆದುಕೊಂಡ ತಾಯಿಗೆ ಸಿಟ್ಟು ಇಳಿಸಲು ಎದುರಿಗೆ ಸಿಕ್ಕವರು ನೀವು. ಅದನ್ನು ನೀವು ನುಂಗಿಕೊಂಡೇ ಇರಬೇಕು ಎಂದು ನಾನು ಹೇಳುವುದಿಲ್ಲ. ಅವರು ಮರ್ಯಾದೆ ಕೊಡುವ ಹಿರಿಯರೊಬ್ಬರ ಮೂಲಕ ‘ಮಗುವಿನ ಎದುರಿಗೆ ಈ ಮಾತು ಬೇಡ’ ಎಂದು ಹೇಳಿಸಿ. ಆ ಹುಡುಗನ ಕಿವಿಗೆ ಅದು ಬೀಳಬಾರದು.

ಮಗನಿಗೆ ನೀವೇ ನಿಜ ಹೇಳಬೇಕು, ಈ ವಾರವೇ. ಅವನಿಗೆ ಈಗಾಗಲೇ ಗೊತ್ತಿದೆ. ಅಮ್ಮ ಸುಳ್ಳು ಹೇಳಿದ್ದಳು ಎಂಬುದೂ ಗೊತ್ತಿದೆ. ಹೀಗೆ ಹೇಳಬಹುದು: ‘ಅಪ್ಪನಿಗೆ ಎದೆನೋವು ಬಂತು ಅಂದಿದ್ದೆ. ಹೇಗೆ ಹೇಳಬೇಕೋ ತಿಳಿಯದೆ ಹಾಗಂದೆ. ಅಪ್ಪನ ಮನಸ್ಸಿಗೆ ತಡೆಯಲಾಗದಷ್ಟು ನೋವಾಗಿತ್ತು. ಆ ನೋವಿನಲ್ಲಿ ತಾವೇ ಪ್ರಾಣ ತೆಗೆದುಕೊಂಡರು. ನೀನು ಏನೋ ಮಾಡಿದ್ದಕ್ಕೆ ಹೀಗಾಗಲಿಲ್ಲ. ನಾನು ಇದ್ದೇನೆ, ಏನು ಬೇಕಾದರೂ ಕೇಳು.’ ಹೇಗೆ ಎಂಬ ವಿವರ ಬೇಡ. ‘ದೇವರು ಕರೆದುಕೊಂಡ’, ‘ಈಗ ಆರಾಮಾಗಿದ್ದಾನೆ’ ಎನ್ನುವುದೂ ಬೇಡ. ಸಾವು ಆರಾಮಿನ ಜಾಗ ಎಂದು ಮಗು ತಿಳಿದುಕೊಳ್ಳಬಾರದು. ಅವನು ಕೇಳಿ ಆಟಕ್ಕೆ ಓಡಿಹೋಗಬಹುದು, ತಿಂಗಳು ಬಿಟ್ಟು ಅದನ್ನೇ ಮತ್ತೆ ಕೇಳಬಹುದು. ಮತ್ತೆ ಹೇಳಿ. ತರಗತಿಯ ಟೀಚರ್‌ಗೂ ವಿಷಯ ತಿಳಿಸಿ.

ನಿಮ್ಮಂಥವರು ಇದ್ದಾರೆಯೇ ಎಂದಿರಿ. ಇದ್ದಾರೆ, ಬಹಳ ಜನ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಲೆಕ್ಕದಲ್ಲಿ 2022ರಲ್ಲಿ ಕರ್ನಾಟಕ ಒಂದರಲ್ಲೇ 13,606 ಜನ ಹೀಗೆ ಹೋದರು. ಅಷ್ಟೂ ಜನರ ಹಿಂದೆ ಮನೆಮಂದಿ ಉಳಿದಿದ್ದಾರೆ. ನಿಮ್ಮ ತಾಲ್ಲೂಕಿನಲ್ಲೂ ಇದ್ದಾರೆ, ನಿಮ್ಮ ಹಾಗೆಯೇ ಬಾಗಿಲು ಹಾಕಿಕೊಂಡು. ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ವೈಶಾಲಿ ಯೇಡೆ ಎಂಬುವರಿದ್ದಾರೆ. ಸಾಲದಲ್ಲಿ ಸಿಕ್ಕಿಕೊಂಡಿದ್ದಾಗ ಅವರ ಗಂಡ ಪ್ರಾಣ ಕಳೆದುಕೊಂಡರು. ಅವರು ಇಂಥದೇ ಮನೆಗಳ ಹೆಣ್ಣುಮಕ್ಕಳ ಜೊತೆ ಸೇರಿ ತಮ್ಮದೇ ಬದುಕಿನ ಕಥೆಯಿದ್ದ ಮರಾಠಿ ನಾಟಕದಲ್ಲಿ ಅಭಿನಯಿಸಿದರು. 2019ರ ಜನವರಿಯಲ್ಲಿ ಯವತ್ಮಾಳದಲ್ಲಿ ಅಖಿಲ ಭಾರತ ಮರಾಠಿ ಸಾಹಿತ್ಯ ಸಮ್ಮೇಳನವನ್ನು ಉದ್ಘಾಟಿಸಿದವರು ಅವರೇ. ನೀವೂ ವೇದಿಕೆ ಹತ್ತಬೇಕೆಂದು ಇದನ್ನು ಹೇಳುತ್ತಿಲ್ಲ. ಸೀಮಂತಕ್ಕೆ ಯಾರನ್ನು ಕರೆಯಬಾರದು ಎಂದು ಊರು ತೀರ್ಮಾನಿಸುತ್ತದೋ ಅಂಥ ಹೆಣ್ಣುಮಗಳ ಮಾತು ಕೇಳಲು ಇಡೀ ಸಮ್ಮೇಳನ ಕೂತಿತ್ತು.

ತಾಲ್ಲೂಕಿನಲ್ಲಿ ಬೋರ್ಡು ಹಾಕಿಕೊಂಡ ಇಂಥ ಸಂಘ ಸಿಗುವುದು ಕಷ್ಟ. ಸಂಘ ಇಬ್ಬರಿಂದಲೇ ಶುರುವಾಗುತ್ತದೆ. ನಿಮ್ಮೂರಿನ ಆಶಾ ಕಾರ್ಯಕರ್ತೆಗೆ ಸುತ್ತಲಿನ ಮನೆಗಳ ಸುಖದುಃಖ ಗೊತ್ತಿರುತ್ತದೆ. ಹೀಗೇ ಗಂಡನನ್ನೋ ಮಗನನ್ನೋ ಕಳೆದುಕೊಂಡವರು ಯಾರಾದರೂ ನಿಮ್ಮನ್ನು ಭೇಟಿಯಾಗಲು ಒಪ್ಪುತ್ತಾರಾ ಎಂದು ಮೊದಲು ಅವರನ್ನೇ ಕೇಳಿ ಬರಲು ಹೇಳಿ. ಒಪ್ಪದವರ ಹೆಸರು ನಿಮಗೂ ಬೇಡ. ಧರ್ಮಸ್ಥಳ ಸಂಘದಲ್ಲೋ ಸ್ತ್ರೀಶಕ್ತಿ ಸಂಘದಲ್ಲೋ ಇದ್ದರೆ ಅಲ್ಲಿಯೂ ಒಬ್ಬರು ಇದ್ದಾರು. ಮಧ್ಯಾಹ್ನ ಅಂಗನವಾಡಿ ಖಾಲಿಯಾದ ಮೇಲೆ ಒಂದು ತಾಸು ಕೂತರೆ ಸಾಕು. ಹೇಗಾಯಿತು ಎಂದು ಯಾರೂ ಯಾರನ್ನೂ ಕೇಳಬಾರದು, ಅಳುವವರನ್ನು ಸುಮ್ಮನಾಗಿಸಬಾರದು, ಕೇಳದೆ ಬುದ್ಧಿ ಹೇಳಬಾರದು, ಅಲ್ಲಿನ ಮಾತು ಅಲ್ಲೇ ಉಳಿಯಬೇಕು. ಸತ್ತವರ ಹೆಸರು ಹಿಡಿದು ಮಾತಾಡಬೇಕು. ಎಂಟು ತಿಂಗಳಿನಿಂದ ನಿಮ್ಮ ಯಜಮಾನರ ಹೆಸರನ್ನು ನಿಮ್ಮೆದುರು ಪ್ರೀತಿಯಿಂದ ಹೇಳಿದವರು ಯಾರಿದ್ದಾರೆ?

ನಿದ್ದೆಯಿಲ್ಲದ ರಾತ್ರಿಗಳಿಗೆ ಬರೀ ಮಾತು ಸಾಲದೆ ಹೋಗಬಹುದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ‘ಮನೋಚೈತನ್ಯ’ ಹೆಸರಿನಲ್ಲಿ ಮನೋವೈದ್ಯರ ತಪಾಸಣೆ ನಡೆಸುವ ಕಾರ್ಯಕ್ರಮ ನಮ್ಮ ರಾಜ್ಯದಲ್ಲಿದೆ. ನಿಮ್ಮಲ್ಲಿ ಯಾವ ಮಂಗಳವಾರ ಎಂದು ಆಶಾ ಅವರಿಂದಲೇ ವಿಚಾರಿಸಿ ಹೋಗಿ ಬನ್ನಿ.

ಇನ್ನೊಂದು ಕೆಲಸ ಬಾಕಿಯಿದೆ. ಸಾಲದಿಂದ ಪ್ರಾಣ ಕಳೆದುಕೊಂಡ ರೈತರ ಕುಟುಂಬಕ್ಕೆ ರಾಜ್ಯ ಸರ್ಕಾರ 5 ಲಕ್ಷ ರೂಪಾಯಿ ಪರಿಹಾರ ಕೊಡುತ್ತದೆ. ಹೆಂಡತಿಗೆ ತಿಂಗಳ ಪಿಂಚಣಿಯೂ ಉಂಟು. ಉಪವಿಭಾಗಾಧಿಕಾರಿಯ ಸಮಿತಿ ಅದನ್ನು ತೀರ್ಮಾನಿಸುತ್ತದೆ. ಕೃಷಿ ಇಲಾಖೆ ಕಚೇರಿಯಲ್ಲಿ, ಗ್ರಾಮ ಆಡಳಿತಾಧಿಕಾರಿಯಲ್ಲಿ ವಿಚಾರಿಸಿ. ಪಹಣಿ, ಸಾಲದ ಕಾಗದ, ಪೊಲೀಸ್ ವರದಿ, ಮರಣೋತ್ತರ ಪರೀಕ್ಷೆಯ ವರದಿ ಎಲ್ಲ ತೆಗೆಯಬೇಕಾಗುತ್ತದೆ. ಆ ಕಾಗದಗಳಲ್ಲಿ ಬರೆದಿರುವುದನ್ನು ನೀವೊಬ್ಬರೇ ಕೂತು ಓದಬೇಡಿ. ಕಚೇರಿಗೆ ಹೋಗುವ ದಿನ ಅಕ್ಕನನ್ನೋ ಆಶಾ ಅವರನ್ನೋ ಕರೆದುಕೊಂಡು ಹೋಗಿ. ಆಮೇಲೆ ಹೇಗಿದ್ದೀರಿ ಎಂದು ನನಗೆ ಮತ್ತೆ ಬರೆಯಿರಿ.