ಹಳೆಯ ಲ್ಯಾಪ್‌ಟಾಪಿಗೆ ಹಗುರವಾದ ಕಾರ್ಯವ್ಯವಸ್ಥೆ

ಹುಬ್ಬಳ್ಳಿ ಸಮೀಪದ ತಾರಿಹಾಳ ಹಾಗೂ ಸುತ್ತಲಿನ ಊರುಗಳಲ್ಲಿ ಮಕ್ಕಳ ಓದಿಗೆಂದು ಕೊಂಡ ಕಡಿಮೆ ಬೆಲೆಯ ಲ್ಯಾಪ್‌ಟಾಪುಗಳು ಈಗ ಮೂಲೆ ಸೇರಿರುವುದುಂಟು. ಪಹಣಿ ನೋಡಲು, ಪೇಟೆ ಧಾರಣೆ ತಿಳಿಯಲು, ಹೊಲದ ಜಮಾ-ಖರ್ಚು ಬರೆದಿಡಲು ಅವು ಇನ್ನೂ ಸಾಕು. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಭದ್ರತಾ ತಿದ್ದುಪಡಿ ಬರದ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಮಾಡುವುದು ಅಪಾಯಕರ. ಇಂಥ ಯಂತ್ರಕ್ಕೆ ಲಿನಕ್ಸ್ ಎಂಬ ಉಚಿತ ಕಾರ್ಯವ್ಯವಸ್ಥೆ ಹೊಂದುತ್ತದೆ. ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಇದನ್ನು ಆರಂಭಿಸಿದರು.

ಭೂಮಿಯ ಗುಣ ನೋಡಿ ತಳಿ ಆರಿಸುವಂತೆ ಇಲ್ಲಿಯೂ ಮೊದಲು ಯಂತ್ರದ ಶಕ್ತಿ ನೋಡಬೇಕು. 4 ಜಿ.ಬಿ. ರ‍್ಯಾಮ್ ಇದ್ದರೆ ಲಿನಕ್ಸ್ ಮಿಂಟಿನ ಎಕ್ಸ್‌ಎಫ್‌ಸಿಇ ಆವೃತ್ತಿ ಸೂಕ್ತ; ಇದಕ್ಕೆ ಕನಿಷ್ಠ 20 ಜಿ.ಬಿ. ಸ್ಥಳ ಬೇಕು. 2 ಜಿ.ಬಿ. ಮಾತ್ರ ಇದ್ದಲ್ಲಿ ಆಂಟಿಎಕ್ಸ್ ಮೇಲು. ಆದರೂ ಜಾಲತಾಣಗಳನ್ನು ಒಂದರ ಮೇಲೊಂದು ತೆರೆದರೆ ಯಾವ ಹಗುರ ವ್ಯವಸ್ಥೆಯೂ ಕುಂಟುತ್ತದೆ. ಹಳೆಯ ತಿರುಗುವ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ ವೇಗ ಎದ್ದು ಕಾಣುವಷ್ಟು ಹೆಚ್ಚುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು ಕಡತಗಳ ರಕ್ಷಣೆ. ಡಿಸ್ಕನ್ನು ಪೂರ್ತಿ ಅಳಿಸಿ ಹೊಸ ವ್ಯವಸ್ಥೆ ಹಾಕಿದ ಮೇಲೆ ಹಳೆಯ ಫೋಟೋ, ಸಾಲದ ಕಾಗದ, ಲೆಕ್ಕ ಮರಳಿ ಸಿಗುತ್ತವೆಂದು ನೆಚ್ಚುವಂತಿಲ್ಲ. ಅವನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿ, ಇನ್ನೊಂದು ಯಂತ್ರದಲ್ಲಿ ತೆರೆದು ನೋಡತಕ್ಕದ್ದು. ಹಳೆಯ ನುಡಿ ಅಕ್ಷರಗಳಲ್ಲಿ ಬರೆದ ಕಡತಗಳಿದ್ದರೆ ವಿಂಡೋಸ್ ಇರುವಾಗಲೇ ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ಇಲ್ಲದಿದ್ದರೆ ಮುಂದೆ ಕನ್ನಡದ ಬದಲು ಅರ್ಥವಿಲ್ಲದ ಗುರುತುಗಳು ಕಾಣುತ್ತವೆ. ಸಹಕಾರ ಸಂಘದ ಹಳೆಯ ಠರಾವುಗಳ ವಿಷಯದಲ್ಲಿ ಈ ಎಚ್ಚರ ವಿಶೇಷವಾಗಿ ಅವಶ್ಯ.

ಬಳಿಕ ಲಿನಕ್ಸ್ ಕಡತವನ್ನು ಅದರ ಅಧಿಕೃತ ತಾಣದಿಂದಲೇ ಇಳಿಸಿಕೊಂಡು, ರೂಫಸ್ ಎಂಬ ತಂತ್ರಾಂಶದಿಂದ 8 ಜಿ.ಬಿ. ಪೆನ್ ಡ್ರೈವಿಗೆ ಬರೆಯಬೇಕು. ಆ ಪೆನ್ ಡ್ರೈವಿನಲ್ಲಿದ್ದುದೆಲ್ಲ ಅಳಿಯುವುದರಿಂದ ನಕಲು ಮಾಡಿದ ಕಡತಗಳನ್ನು ಅದರಲ್ಲಿಡಬಾರದು. ಯಂತ್ರ ಚಾಲೂ ಮಾಡುವಾಗ ಎಫ್12 ಅಥವಾ ಎಸ್ಕೇಪ್ ಕೀಲಿ ಒತ್ತಿ (ಕಂಪನಿಗೆ ತಕ್ಕಂತೆ ಇದು ಬೇರೆ) ಪೆನ್ ಡ್ರೈವಿನಿಂದ ತೆರೆದರೆ, ಡಿಸ್ಕನ್ನು ಮುಟ್ಟದೆಯೇ ಲಿನಕ್ಸನ್ನು ಪರೀಕ್ಷಿಸಬಹುದು. ಪೂರ್ತಿ ಹೊಲಕ್ಕೆ ಹೊಸ ಬೀಜ ಬಿತ್ತುವ ಮುನ್ನ ನಾಲ್ಕು ಸಾಲು ಹಾಕಿ ನೋಡಿದಂತೆ ಇದು. ವೈಫೈ, ಧ್ವನಿ, ಪ್ರಿಂಟರ್ ಸರಿಯಿದ್ದರಷ್ಟೇ ಅಳವಡಿಸುವುದು ಲೇಸು. ಹಳೆಯ ಬ್ಯಾಟರಿ ನಿಲ್ಲದಿದ್ದರೆ ವಿದ್ಯುತ್ ಖಚಿತವಾಗಿರುವ ಹೊತ್ತಿನಲ್ಲಿ, ಇಲ್ಲವೆ ಇನ್ವರ್ಟರಿಗೆ ಜೋಡಿಸಿ ಈ ಕೆಲಸ ಮಾಡಬೇಕು.

ಕನ್ನಡ ಬೆರಳಚ್ಚಿಗೆ ಕೀಲಿಮಣೆಯ ಪಟ್ಟಿಯಲ್ಲಿ 'ಕಗಪ' ವಿನ್ಯಾಸ ಆರಿಸಬಹುದು. ನುಡಿಯಲ್ಲಿ ಪಳಗಿದ ಕೈಗೆ ಇದು ಹೊಸದೆನಿಸದು. ಲೆಕ್ಕಪತ್ರಕ್ಕೆ ಲಿಬ್ರೆಆಫೀಸ್ ಇದೆ.

ಟ್ಯಾಲಿಯಂಥ ವಿಂಡೋಸ್ ತಂತ್ರಾಂಶ ಅಥವಾ ಬೆರಳಚ್ಚು ಗುರುತಿನ ಸಾಧನ ಬಳಸುವ ಸಂಘಗಳು, ಸೇವಾ ಕೇಂದ್ರಗಳು ಆ ಒಂದು ಯಂತ್ರವನ್ನು ಬದಲಿಸದಿರುವುದೇ ಒಳಿತು.